ಗಂಜಿ ಒಣಗುವವರೆಗೆ

"ನನ್ನ ಮಗಳ ಪಕ್ಕ ಕ್ಲಾಸಲ್ಲಿ ಸಹಾಯಕ್ಕೆ ಅಂತ ಇನ್ನೊಬ್ಬರು ಕೂರೋದು ಬೇಡ ಟೀಚರ್. ಊರೆಲ್ಲ ಅವಳನ್ನ ಪೆದ್ದಿ ಅನ್ನುತ್ತೆ!"

"ಪೆದ್ದಿ ಅಲ್ಲಮ್ಮಾ, ಸ್ವಲ್ಪ ದಿನ ಆಸರೆ ಬೇಕು ಅಷ್ಟೇ," ಎಂದರು ಮನೆಗೆ ಬಂದಿದ್ದ ಟೀಚರ್.

ಎಲಾದಿಯಾ ಸಿಟ್ಟಿನಲ್ಲಿ ಕತ್ತರಿ ಆಡಿಸಿದಳು. ಚೌಕಟ್ಟಿಗೆ ಬಿಗಿದ ಬಟ್ಟೆಯ ಮೇಲೆ ತಾನೇ ಹೆಣೆದಿದ್ದ ನ್ಯಾಂದುತಿ, ಆ ಜೇಡರಬಲೆಯಂಥ ಕಸೂತಿ, ಗಂಜಿ ಹಾಕಿ ಒಣಗಿಸುವ ಮೊದಲೇ ಬಟ್ಟೆಯಿಂದ ಬಿಡಿಸಿಕೊಂಡು ಮಡಿಲಿಗೆ ಬಿತ್ತು. ಹೂವಿಲ್ಲ, ನಕ್ಷತ್ರವಿಲ್ಲ, ಬರೀ ಸಿಕ್ಕು. "ಅಯ್ಯೋ, ನನ್ನ ಕೈಗೇನು ಬಂತು!"

ಅಂಗಳದಲ್ಲಿ ಲಪಾಚೋ ಮರದ ಗುಲಾಬಿ ಬಣ್ಣದ ಹೂಗಳು ಸದ್ದಿಲ್ಲದೆ ಇಳಿಯುತ್ತಿದ್ದವು. ಅವುಗಳ ನಡುವೆ ತೇಲಿಬಂದಂತೆ ಬಂದ ಬ್ಲಾಸಿದಾ, ಇನ್ನೂ ಮಾತು ಬಾರದ ಆ ಮಗಳು, ತಾಯಿಯ ಅಂಗೈ ಬಿಡಿಸಿ ಅದರ ಮೇಲೆ ಸಿಕ್ಕನ್ನು ಎಳೆಎಳೆಯಾಗಿ ಹರಡಿದಳು. ನಕ್ಷತ್ರ ಮತ್ತೆ ಅರಳಿತು.

ಎಲಾದಿಯಾ ಕೈ ಅಲುಗಿಸಲಿಲ್ಲ.

"ಗಂಜಿ ಒಣಗೋವರೆಗೂ ಕೆಳಗೆ ಬಟ್ಟೆ ಇರಲೇಬೇಕಲ್ಲ ಟೀಚರ್... ನಾಳೆಯಿಂದ್ಲೇ ಅವಳ ಪಕ್ಕ ಒಬ್ಬರನ್ನ ಕೂರಿಸಿ."