ದೊರೆ ಬಂಗಲೆಯ ಪಂಖಾ

ಬ್ರಿಟಿಷರ ಕಾಲದ ಬಂಗಲೆಗಳಿರುವ ಪುಟ್ಟ ಊರಿಗೆ ಪ್ರವಾಸ ಬಂದು, ಬಂಗಲೆ ಮೇಲೆ ಬಂಗಲೆ ನೋಡಿ ನರಸಕ್ಕನ ಕಾಲು ಸೋತುಹೋಗಿತ್ತು. ಕೊನೆಯ ಬಂಗಲೆಯ ಹಿಂದಿನ ಜಗಲಿಯಲ್ಲಿ ಉಸ್ಸೆಂದು ಕುಳಿತಳು. ಪಕ್ಕದಲ್ಲೇ ಗೋಡೆಯ ತೂತಿನಿಂದ ಹಗ್ಗವೊಂದು ಇಳಿಬಿದ್ದಿತ್ತು.

"ದೊರೆ ಒಳಗೆ ಊಟಕ್ಕೆ ಕೂತ್ರೆ, ತಲೆ ಮೇಲಿನ ಬಟ್ಟೆ ಪಂಖಾನ ಆಳು ಇಲ್ಲಿಂದ ಎಳೀತಿದ್ದ," ಎಂದ ಗೈಡು. ಬಂದವರೆಲ್ಲ ಸರದಿಯಂತೆ ಎಳೆದು, ನಗುತ್ತ ಫೋಟೊ ತೆಗೆಸಿಕೊಂಡರು.

"ನೀವೂ ಒಂದ್ಸಲ ಎಳೀರಿ ಅಜ್ಜಿ, ಮಜಾ ಇರುತ್ತೆ," ಎಂದ ಗೈಡು ನರಸಕ್ಕನಿಗೆ.

"ಕೈಲಾಗಲ್ಲಪ್ಪ."

"ಇಷ್ಟು ದೂರ ಬಂದು ಹಂಗೇ ಹೋಗ್ತೀರಾ?"

ನರಸಕ್ಕ ಗೋಡೆ ಹಿಡಿದು ಎದ್ದಳು. ಹಗ್ಗದ ತುದಿಯನ್ನು ಅವನ ಕೈಗೇ ಕೊಟ್ಟಳು.

"ನನ್ನ ಪಾಲಿಂದೂ ನಮ್ಮಪ್ಪ ಇಲ್ಲೇ ಕೂತು ಎಳ್ದವ್ನೆ. ಈಗ ನೀನೆಳಿ, ನಾನು ಒಳಗೆ ಹೋಗಿ ಕೂತ್ಕತೀನಿ."