ಬಯಕೆಯ ತಂಬೂರಿ

"ತಂಬೂರಿ ಬುರುಡೆ ಅಂದ್ರೆ ದುಂಡಗಿರಬೇಕು ಕಣಪ್ಪ. ಅದರ ಪಕ್ಕೆಗೆ ಗುಳಿ ತೋಡು ಅಂದ್ರೆ ವಾದ್ಯಾನ ಊನ ಮಾಡು ಅಂದಂಗಾಯ್ತು. ನಮ್ಮಪ್ಪ ಮಾಡ್ಲಿಲ್ಲ, ನಮ್ ತಾತ ಮಾಡ್ಲಿಲ್ಲ, ನಾನೂ ಮಾಡಲ್ಲ," ಎಂದ ತಿರುಮಕೂಡಲಿನ ಬಡಗಿ ವೀರಾಚಾರಿ.

ಸಿದ್ದಯ್ಯ ಎದ್ದು ಹೋಗಲಿಲ್ಲ. ಇದ್ದಿಲಿನ ಚೂರು ತೆಗೆದುಕೊಂಡು ಜಗಲಿಯ ಮೇಲೆ ಇನ್ನೊಮ್ಮೆ ಬರೆದ. ಒಂದು ದುಂಡು, ಅದರ ಒಂದು ಮಗ್ಗುಲು ಮಾತ್ರ ಕಚ್ಚಿದ ಸೀಬೆಹಣ್ಣಿನ ಹಾಗೆ ಒಳಕ್ಕೆ. "ಇಷ್ಟೇ ಸಾಮಿ. ಇವಳು ತೊಡೆ ಮ್ಯಾಲೆ ಮಡಿಕಂಡ್ರೆ ಒಟ್ಟೆಗೆ ಒತ್ತಬಾರ್ದು."

ಇವಳೆಂದರೆ ಅವನ ಹೆಂಡತಿ ಕೆಂಪಾಜಮ್ಮ, ಕಂಬಕ್ಕೆ ಒರಗಿ ಕೂತಿದ್ದಳು. ನಂಜನಗೂಡಿನ ಸುತ್ತಲ ಹಳ್ಳಿಗಳಲ್ಲಿ ಈ ಗಂಡ ಹೆಂಡಿರ ಹಾಡೆಂದರೆ ಹೊಲದಲ್ಲಿದ್ದವರೂ ಕುಡುಗೋಲು ಬಿಟ್ಟು ಬರುತ್ತಿದ್ದರು. ಅವನದು ತಾಳ ಹಾಕುವ ಕೆಲಸ. ತಂಬೂರಿ ಮೀಟಿ ಕಥೆ ಹೇಳುವವಳು ಅವಳೇ. ಪ್ಲೇಗು ಊರಿಗೂರನ್ನೇ ಗುಡಿಸಿ ಹಾಕಿದಾಗ ಜಗ್ಗದಿದ್ದ ಜೀವಕ್ಕೆ ಈಗ ಹೊಟ್ಟೆಯಲ್ಲೊಂದು ಗೆಡ್ಡೆ ಗಂಟುಬಿದ್ದಿತ್ತು. ಮೈಸೂರಿನ ಡಾಕ್ಟರಮ್ಮ ಮುಟ್ಟಿ ನೋಡಿ, ಬೇರು ಎಲ್ಲ ಕಡೆಗೂ ಹೋಗಿದೆ, ಕೊಯ್ಯುವ ಹಾಗಿಲ್ಲ, ಇದ್ದಷ್ಟು ದಿನ ಕೇಳಿದ್ದನ್ನು ಕೊಡು ಎಂದಿದ್ದರು. ಇವಳೋ ತಿನ್ನಲು ಕೇಳಲಿಲ್ಲ, ಉಡಲು ಕೇಳಲಿಲ್ಲ. ಹಳೆಯ ತಂಬೂರಿ ಗೆಡ್ಡೆಗೆ ಒತ್ತಿ ಪ್ರಾಣ ಹೋದಂತೆ ನೋಯುತ್ತದೆ, ನೋಯದಂಥದ್ದೊಂದು ಮಾಡಿಸಿಕೊಡು, ಉಸಿರಿರುವ ತನಕ ಹಾಡುತ್ತೇನೆ ಎಂದಳು. ಇನ್ನೇನು ಮಾಡಿಯಾನು ಗಂಡ, ಯಾರದೋ ಗಾಡಿ ಬೇಡಿ ಕಟ್ಟಿಕೊಂಡು ಬಂದಿದ್ದ.

ಹೊಟ್ಟೆ ಎಂಬ ಮಾತು ಒಳಗಿದ್ದ ಆಚಾರಿಯ ಹೆಂಡತಿ ಮುತ್ತಮ್ಮನ ಕಿವಿಗೆ ಬಿತ್ತು. ಹೊರಗೆ ಬಂದವಳು ಕೆಂಪಾಜಮ್ಮನನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು. ತಲೆಯಲ್ಲಿ ಅಲ್ಲಲ್ಲಿ ನರೆ, ಸೆರಗಿನಡಿ ತುಂಬಿದ ಹೊಟ್ಟೆ.

"ತಡವಾಗಿ ನಿಂತದ್ದಾ ತಾಯಿ?"

ಸಿದ್ದಯ್ಯ ಹೇಳಲೆಂದು ಬಾಯಿ ತೆರೆದ. ಕೆಂಪಾಜಮ್ಮ ಅವನ ಪಂಚೆಯ ಚುಂಗು ಹಿಡಿದು ಜಗ್ಗಿದಳು.

"ಹೇಳಬೇಡ ಬುಡು, ಬಾಯಿಬಿಟ್ರೆ ದೃಷ್ಟಿಯಾಗ್ತದೆ," ಎಂದು ಮುತ್ತಮ್ಮ ತಾನೇ ತೀರ್ಮಾನ ಮಾಡಿ ಗಂಡನ ಕಡೆ ತಿರುಗಿದಳು. "ಬಸುರಿ ಬಯಕೆ ಕಣ್ರೀ ಇದು. ಬೇರೆಯೋರು ಮಾವಿನಕಾಯಿ ಕೇಳ್ತಾರೆ, ಈ ಮಹಾತಾಯಿ ತಂಬೂರಿ ಕೇಳವ್ಳೆ. ಇಲ್ಲ ಅಂದ್ರೆ ನಾಳೆ ಮಗೀನ ಕಿವಿ ಸೋರ್ತದೆ. ಆ ಪಾಪ ನಮಗ್ಯಾಕೆ?"

ಅಪ್ಪ ತಾತಂದಿರನ್ನೆಲ್ಲ ಸಾಕ್ಷಿಗೆ ಕರೆದಿದ್ದ ಆಚಾರಿ, ಕಿವಿ ಸೋರುವ ಮಾತಿಗೆ ತೆಪ್ಪಗಾದ. ಹೆಂಡತಿಯ ಕೈಗೆ ದಾರ ಕೊಟ್ಟು ಹೊಟ್ಟೆಯ ಅಳತೆ ತೆಗೆಸಿದ. "ಗುಳಿ ನಾಲ್ಕು ಬೆರಳು ಹೆಚ್ಚಾಗೇ ತೋಡ್ತೀನಿ. ಇನ್ನೂ ಬೆಳೀತದಲ್ಲ," ಎಂದ. ಸಿದ್ದಯ್ಯ ಮುಖವನ್ನು ಆ ಕಡೆಗೆ ತಿರುಗಿಸಿಕೊಂಡ. ಮುತ್ತಮ್ಮ ಬರಿಮಡಿಲಲ್ಲಿ ಕಳಿಸಬಾರದೆಂದು ಅಕ್ಕಿ, ಬೆಲ್ಲ, ಎಲೆ ಅಡಿಕೆ ತಂದು ಕೆಂಪಾಜಮ್ಮನ ಮಡಿಲು ತುಂಬಿದಳು.

"ಸುಳ್ಳೇಳ್ಬುಟ್ಟೆಲ್ಲಮ್ಮಿ," ಎಂದ ಸಿದ್ದಯ್ಯ, ಗಾಡಿ ಊರು ದಾಟಿದ ಮೇಲೆ.

"ನಾನೆಲ್ಲಿ ಏಳ್ದೆ? ಅವ್ರಂದ್ರು, ನಾನು ಕೇಳುಸ್ಕಂಡೆ." ಮಡಿಲಕ್ಕಿಯನ್ನು ಅವಳು ಎರಡು ಕೈಯಲ್ಲೂ ಹಿಡಿದುಕೊಂಡಿದ್ದಳು. "ಮದ್ವೆಯಾದಾಗಿಂದ ಯಾರಾದ್ರೂ ಒಂದ್ಸಲ ಅನ್ಲಿ ಅಂತ ಕಾದಿದ್ದೆ ಕಣ. ಅನ್ನುಸ್ಕಂಡೆ. ಸಾಕು ಬುಡು."

ಸಿದ್ದಯ್ಯನಿಗೆ ದುಃಖ ಒತ್ತರಿಸಿಕೊಂಡು ಬಂತು. ಅಳಲಾರದೆ ಎತ್ತುಗಳ ಮೇಲೆ ರೇಗಿದ.

ಊನ ಎಂದಿದ್ದ ಆಚಾರಿಯೇ ಅದನ್ನು ಎಷ್ಟು ಮುತುವರ್ಜಿಯಿಂದ ಮಾಡಿದನೆಂದರೆ, ಗುಳಿಯಿಂದಾಗಿ ಕುಗ್ಗಿದ ದನಿಗೆ ಬುರುಡೆಯ ಬೆನ್ನನ್ನು ಉಬ್ಬಿಸಿ ಜಾಗ ಕೊಟ್ಟ. ಒಳಗಿನ ಮಗುವಿಗೆ ತಾಗಬಾರದೆಂದು ಗುಳಿಯ ಅಂಚನ್ನು ತೀಡಿ ತೀಡಿ ಬೆಣ್ಣೆ ಮಾಡಿಟ್ಟ. ತಂಬೂರಿ ಊರಿಗೆ ಬಂದಾಗ ಇಲಿ ಕಡಿದ ಕುಂಬಳಕಾಯಿ ಎಂದು ನಕ್ಕವರುಂಟು. ಕೆಂಪಾಜಮ್ಮ ತೊಡೆಯ ಮೇಲಿಟ್ಟುಕೊಂಡು ಮೀಟಿದಳು, ನೋಯಲಿಲ್ಲ. ಅವತ್ತು ಅವಳು ಹಾಡುತ್ತಾ ಗಂಡನನ್ನು ನೋಡಿ ನಕ್ಕಳು. ಆ ಸುಗ್ಗಿಯೆಲ್ಲ ಹಾಡಿದಳು. ಗೆಡ್ಡೆ ಬೆಳೆಯಿತು, ಆಚಾರಿ ಹೆಚ್ಚಾಗಿ ಬಿಟ್ಟಿದ್ದ ನಾಲ್ಕು ಬೆರಳೂ ತುಂಬಿಹೋಯಿತು. ಯುಗಾದಿ ಕಾಣುವ ಮೊದಲೇ ಅವಳು ಮಣ್ಣು ಸೇರಿದಳು.

ಕರ್ಮ ಮುಗಿಸಿದ ಸಿದ್ದಯ್ಯ ಹೊಳೆ ಕೂಡುವಲ್ಲಿ ಮುಳುಗು ಹಾಕಲು ತಿರುಮಕೂಡಲಿಗೆ ಬಂದ. ತಂಬೂರಿಯನ್ನೂ ತಂದಿದ್ದ. ಅವಳ ಅಳತೆಯದು, ಬೇರೆಯವರ ಮಡಿಲಿಗೆ ಕೂರುವುದಿಲ್ಲ. ಮಾಡಿದವರ ಕೈಗೇ ಒಪ್ಪಿಸಿ, ಇದ್ದ ನಿಜವನ್ನು ಹೇಳಿ, ತಪ್ಪಾಯಿತು ಎನ್ನಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ. ಆಚಾರಿ ಮನೆಯಲ್ಲಿರಲಿಲ್ಲ. ಮೊರ ಹಿಡಿದು ಕೂತಿದ್ದ ಮುತ್ತಮ್ಮ ಇವನನ್ನು ಕಂಡದ್ದೇ ಮೊರ ಕೆಳಗಿಟ್ಟು ಎದ್ದಳು. ಮುಖವೆಲ್ಲ ನಗು.

"ಏನಪ್ಪಾ, ಗಂಡೋ ಹೆಣ್ಣೋ?"

"ಎಣ್ಣು ಕಣವ್ವ," ಎಂದ ಸಿದ್ದಯ್ಯ. "ಓಯ್ತು."

ಅಲ್ಲಿಯೇ ಕುಸಿದು ಕೂತು, ಹೆಂಡತಿಯನ್ನು ಮಣ್ಣು ಮಾಡಿದಾಗಲೂ ಅಳದಿದ್ದವನು ಬಿಕ್ಕಿ ಬಿಕ್ಕಿ ಅತ್ತ. ಮುತ್ತಮ್ಮನ ಕಣ್ಣಲ್ಲೂ ನೀರು. ಒಳಗೆ ಹೋಗಿ ಒಂದು ಚೊಂಬು ಮಜ್ಜಿಗೆ ತಂದು ಅವನ ಮುಂದಿಟ್ಟಳು.

"ಅಳಬೇಡ ಕಣಪ್ಪ. ಬಳ್ಳಿ ಗಟ್ಟಿಯಾಗಿದ್ರೆ ಇನ್ನೊಂದು ಕಾಯಿ ಬಿಟ್ಟೀತು. ಇಲ್ಲಿ ಕೂರಬೇಡ, ಬೇಗ ಮನೆಗೆ ಹೋಗು. ಪಾಪ, ಅವಳೊಬ್ಬಳೇ ಇರ್ತಾಳೆ."