ಬೋರಲು ಪಾತ್ರೆ

"ಸರ್, ಎಡಗಾಲಿನ ಬೂಟನ್ನು ಬಲಗಾಲಿಗೆ ಹಾಕಿಕೊಳ್ಳಿ. ನಿಮ್ಮಂಥ ಅನುಭವಸ್ಥರಿಗೆ ಅದು ಚೆನ್ನಾಗಿ ಒಪ್ಪುತ್ತದೆ" ಎಂದಿತು ರೋಬೋಟ್. ಡ್ರೈವಿಂಗ್ ಶಾಲೆಯ ಮೇಷ್ಟ್ರು ಮರುಮಾತಾಡದೆ ಬಗ್ಗಿ, ಎರಡೂ ಬೂಟು ಬಿಚ್ಚಿ, ಅದಲುಬದಲು ಮಾಡಿ ಹಾಕಿಕೊಂಡರು. ಆಮೇಲೆ ಎದ್ದು ಕೋಣೆಯಲ್ಲಿ ಒಂದು ಸುತ್ತು ಓಡಾಡಿ, "ನಿಜ ಕಣಪ್ಪ, ಏನೋ ಒಂಥರಾ ಆರಾಮಾಗಿದೆ" ಎಂದರು.

ಗಾಜಿನ ಗೋಡೆಯ ಈಚೆ ಕೂತು ನೋಡುತ್ತಿದ್ದ ಅವರ ಹೆಂಡತಿ ಬಾಯಿ ಮೇಲೆ ಕೈ ಇಟ್ಟುಕೊಂಡರು. ಊಟಕ್ಕೆ ಬನ್ನಿ ಎಂದು ಕರೆದರೂ ಯಾಕೆ ಎಂದು ಕೇಳುವ ಮನುಷ್ಯ ಇವರೇನಾ ಎಂದು ಅವರಿಗೆ ಅನುಮಾನ ಬಂತು. ಪಕ್ಕದಲ್ಲಿದ್ದ ಸಂಶೋಧಕಿಗಂತೂ ಹಿಗ್ಗೋ ಹಿಗ್ಗು. ರೋಬೋಟಿನ ಮಾತಿಗೆ ಜನ ಎಷ್ಟರ ಮಟ್ಟಿಗೆ ಬಗ್ಗುತ್ತಾರೆ ಎಂದು ಪರೀಕ್ಷಿಸುವುದೇ ಅವಳ ಕೆಲಸ. ಮೇಷ್ಟ್ರ ಹತ್ತಿರ ಕಾರು ಕಲಿಯುತ್ತಿದ್ದವಳು, ಸುಮ್ಮನೆ ಹೀಗೆ ಬಂದು ಹಾಗೆ ಹೋಗಿ ಸರ್ ಎಂದು ಪುಸಲಾಯಿಸಿ ಕರೆಸಿಕೊಂಡಿದ್ದಳು.

ಹಾಗೆಂದು ಆ ರೋಬೋಟ್ ನೋಡಲು ಏನೂ ಘನಂದಾರಿಯಾಗಿರಲಿಲ್ಲ. ಗೇಣುದ್ದದ ಕೈ, ಬೋರಲು ಹಾಕಿದ ಪಾತ್ರೆಯಂಥ ತಲೆ, ಏರಿಳಿತವಿಲ್ಲದ ದನಿ. "ಸರ್, ನಿಮ್ಮ ಕಾಫಿಯನ್ನು ಆ ಗಿಡಕ್ಕೆ ಹಾಕಿ" ಎಂದಿತು. ಹಾಕಿದರು. "ಕಾಫಿ ಬಿಸಿ ಇತ್ತು. ಗಿಡದ ಕ್ಷಮೆ ಕೇಳಿ" ಎಂದಿತು. "ತಪ್ಪಾಯ್ತು, ಕ್ಷಮಿಸು" ಎಂದು ಕೇಳಿಯೇಬಿಟ್ಟರು. ಇಷ್ಟು ವರ್ಷದ ಸಂಸಾರದಲ್ಲಿ ಅವರ ಬಾಯಿಂದ ಆ ಮಾತು ಹೊರಟಿದ್ದು ಅದೇ ಮೊದಲು. ಅದೂ ಪ್ಲಾಸ್ಟಿಕ್ ಗಿಡಕ್ಕೆ.

ಹೆಂಡತಿ ಗಬಕ್ಕನೆ ಸಂಶೋಧಕಿಯ ಕೈ ಹಿಡಿದುಕೊಂಡರು. "ನಿನ್ನ ದಮ್ಮಯ್ಯ ಕಣಮ್ಮ, ಅದರ ಬಾಯಲ್ಲಿ ಒಂದೇ ಒಂದು ಮಾತು ಹೇಳಿಸು. ಕಣ್ಣಿನ ಆಪರೇಷನ್ ಮಾಡಿಸ್ಕೊಳ್ಳಿ ಅಂತ. ಎರಡೂ ಕಣ್ಣಿಗೆ ಪೊರೆ ಬಂದಿದೆ. ಡಾಕ್ಟ್ರು ಬೈದಾಯ್ತು, ನಾನು ಅತ್ತೂ ಕರೆದೂ ಆಯ್ತು, ಮಗಳು ಮಾತೇ ಬಿಟ್ಟಿದಾಳೆ. ಜಪ್ಪಯ್ಯ ಅಂದ್ರೂ ಒಪ್ತಿಲ್ಲ."

"ಕಣ್ಣು ಕಾಣಲ್ವಾ? ಸರ್ ದಿನಾ ನಂಗೆ ಕಾರು ಹೇಳಿಕೊಡ್ತಾರಲ್ಲ ಆಂಟಿ!"

"ಸಿಗ್ನಲ್ ಹತ್ರ ಬಂದಾಗ ಏನು ಕೇಳ್ತಾರೆ?"

"ಈಗ ಯಾವ ಬಣ್ಣ, ಹೇಳು ನೋಡೋಣ ಅಂತಾರೆ. ನನ್ನನ್ನ ಪರೀಕ್ಷೆ ಮಾಡ್ತಿದಾರೆ ಅಂದ್ಕೊಂಡು..." ಸಂಶೋಧಕಿಯ ಮುಖ ಬಿಳಿಚಿಕೊಂಡಿತು.

"ನನ್ನನ್ನೂ ಅದೇ ಕೇಳ್ತಾರೆ. ಹೇಳಿಸಮ್ಮ, ಪುಣ್ಯ ಬರುತ್ತೆ."

ಸಂಶೋಧಕಿ ಕೈ ಕೈ ಹಿಸುಕಿಕೊಂಡಳು. "ಆಗಲ್ಲ ಆಂಟಿ. ನಮ್ಮ ಸಮಿತಿಯವರು ಒಪ್ಪಿಗೆ ಕೊಟ್ಟಿರೋದು ಉಪಯೋಗ ಇಲ್ಲದ ಮಾತಿಗೆ ಮಾತ್ರ. ಪ್ರಯೋಗದಿಂದ ಯಾರಿಗೂ ಕೆಟ್ಟದ್ದಾಗಬಾರದು. ಒಳ್ಳೇದೂ ಆಗಬಾರದು. ಬೇಕಾದ್ರೆ ಸರ್‌ನ ಒಂಟಿ ಕಾಲಲ್ಲಿ ನಿಲ್ಲಿಸ್ತೀನಿ." ಪಾಪ, ಅವಳಿಗೂ ಬೇಜಾರಾಗಿತ್ತು. ಹೇಳಿದಂತೆ ಒಂಟಿ ಕಾಲಲ್ಲಿ ನಿಲ್ಲಿಸಿದಳು ಕೂಡ.

ಮನೆಗೆ ಹೊರಟಾಗ ಮೇಷ್ಟ್ರೇ ಕಾರು ಓಡಿಸಿದರು, ಅದೇ ಅದಲುಬದಲು ಬೂಟಿನಲ್ಲಿ. ಹೆಂಡತಿ ದಾರಿಯುದ್ದಕ್ಕೂ ಕೆಂಪು, ಹಸಿರು, ಎಮ್ಮೆಯಲ್ಲ ಲಾರಿ ಎಂದು ಹೇಳುತ್ತಾ ಬಂದರು. ಆದರೂ ತಿರುವಿನಲ್ಲಿ ಒಬ್ಬ ಸೈಕಲ್ಲಿನವನು ಕೂದಲೆಳೆಯಲ್ಲಿ ಪಾರಾಗಿ ಮೋರಿಗೆ ಇಳಿದ. ಮೇಷ್ಟ್ರು ಕಿಟಕಿಯಿಂದ ತಲೆ ಹೊರಹಾಕಿ, "ಏಯ್, ಕಣ್ಣು ಕಾಣಲ್ವೇನೋ?" ಎಂದು ಅವನಿಗೇ ಬೈದರು. ಅದೂ ಅವನು ಬಿದ್ದ ಕಡೆಗಲ್ಲ, ಎದುರಿಗಿದ್ದ ಲೈಟುಕಂಬದ ಕಡೆಗೆ.

ಮನೆಗೆ ಬಂದವರೇ ಹೆಂಡತಿ ಸೀದಾ ಅಡುಗೆಮನೆಗೆ ಹೋದರು. ಇದ್ದುದರಲ್ಲೇ ದೊಡ್ಡ ಪಾತ್ರೆಯನ್ನು ತೆಗೆದು ತಲೆಗೆ ಬೋರಲು ಹಾಕಿಕೊಂಡರು. ಗೋಡೆ ತಡವಿಕೊಂಡು ಹಾಲಿಗೆ ಬಂದು, ಗಂಡನ ಕುರ್ಚಿ ಇರಬಹುದಾದ ಕಡೆ ತಿರುಗಿ ನಿಂತರು.

"ಸರ್. ಬೂಟುಗಳನ್ನು ಬಿಚ್ಚಿ."

ಮೇಷ್ಟ್ರು ತಲೆ ಎತ್ತಿದರು. ಎಷ್ಟೇ ಮಂಜು ಕವಿದ ಕಣ್ಣಾದರೂ ಸ್ವಂತ ಹೆಂಡತಿ ಗೊತ್ತಾಗದೆ ಇರುತ್ತಾರೆಯೇ? ಅದೇ ಹಳೇ ಸ್ವೆಟರು, ಅದೇ ಸವೆದ ಚಪ್ಪಲಿ, ಮೇಲೊಂದು ಪಾತ್ರೆ. ಮೇಷ್ಟ್ರು ಬಗ್ಗಿ ಬೂಟು ಬಿಚ್ಚಿದರು.

"ಸರ್. ನಾಳೆ ಬೆಳಿಗ್ಗೆ ಕಣ್ಣಿನ ಆಸ್ಪತ್ರೆಗೆ ಹೋಗಿ ಸೇರಿಕೊಳ್ಳಿ. ನಿಮ್ಮಂಥ ಅನುಭವಸ್ಥರಿಗೆ ಅದು ಚೆನ್ನಾಗಿ ಒಪ್ಪುತ್ತದೆ."

ಪಾತ್ರೆಯೊಳಗೆ ಹೆಂಡತಿಗೆ ತಮ್ಮ ಉಸಿರೇ ದೊಡ್ಡದಾಗಿ ಕೇಳುತ್ತಿತ್ತು. ಈಗ ಗಂಡ ಪಾತ್ರೆ ಕಿತ್ತೆಸೆದು ನಗುತ್ತಾರೆ, ಇಲ್ಲವೇ ಎದ್ದು ಹೋಗುತ್ತಾರೆ ಎಂದು ಕಾದರು. ಎರಡೂ ಆಗಲಿಲ್ಲ. ಕುರ್ಚಿ ಎಳೆದ ಸದ್ದಾಯಿತು. ಗಂಡನ ದನಿ ತೀರಾ ಹತ್ತಿರ ಬಂತು.

"ಸರಿ, ಹೋಗ್ತೀನಪ್ಪ. ನೀನು ಹೇಳಿದ ಮೇಲೆ ಮುಗೀತು." ಆಮೇಲೆ, ಯಾರಾದರೂ ಕೇಳಿಸಿಕೊಂಡಾರು ಎನ್ನುವ ಹಾಗೆ, ದನಿ ತಗ್ಗಿಸಿದರು. "ಒಂದು ಗುಟ್ಟು ಹೇಳ್ತೀನಿ. ಕಣ್ಣಿಗೆ ಕತ್ತರಿ ಹಾಕ್ತಾರೆ ಅಂದ್ರೆ ನಂಗೆ ಕೈಕಾಲೇ ಆಡಲ್ಲ. ಹೆದರಿಕೆ. ಅದಕ್ಕೇ ಇಷ್ಟು ದಿನ ಜಗಳ ಆಡ್ಕೊಂಡು ಬಂದೆ. ಇದನ್ನ ನನ್ನ ಹೆಂಡತಿಗೆ ಮಾತ್ರ ಹೇಳಬೇಡ."

ಒಳಗೆ ಕಣ್ಣೊರೆಸಿಕೊಳ್ಳೋಣವೆಂದರೆ ಕೈ ತೂರುವಷ್ಟು ಜಾಗವಿರಲಿಲ್ಲ.

"ಹೇಳುವುದಿಲ್ಲ, ಸರ್" ಎಂದಿತು ಪಾತ್ರೆ.